ಎಳ್ಳಿನ ತಪ್ಪೋ, ಪರಾಗದ ತಪ್ಪೋ

ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿಗೆ ಬೇಸಿಗೆ ಬಂತೆಂದರೆ ಸೀನೋ ಸೀನು. ಕಾರಣ ಹುಡುಕಲು ಆತ ತನ್ನ ಮೈಯನ್ನೇ ಒಡ್ಡಿಕೊಂಡ. ತೋಳನ್ನು ಕೆರೆದು ಹುಲ್ಲಿನ ಪರಾಗ ಸವರಿದ, ಚರ್ಮ ಊದಿಕೊಂಡಿತು. ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯ ಪರಾಗವನ್ನೂ ಎಣಿಸಿದ. 1873ರಲ್ಲಿ ಅದೆಲ್ಲ ಪುಸ್ತಕವಾಯಿತು. ಮಕ್ಕಳ ಮುಂಗೈ ಮೇಲೆ ಎಳ್ಳಿನ, ಸಾಸಿವೆಯ ಸಾರದ ಹನಿಯಿಟ್ಟು ಚುಚ್ಚಿ ನೋಡುವ ಇಂದಿನ ಪರೀಕ್ಷೆಯ ಬೇರು ಅಲ್ಲಿದೆ.

ಪರಾಗಕ್ಕೂ ಊಟಕ್ಕೂ ನಂಟಿರುವುದು ತಡವಾಗಿ ಹೊಳೆಯಿತು. 1942ರಲ್ಲಿ ಅಮೆರಿಕದ ಟಫ್ಟ್ ಮತ್ತು ಬ್ಲೂಮ್‌ಸ್ಟೈನ್, ಪರಾಗಕ್ಕೆ ಸೀನುವ ಕೆಲವರಿಗೆ ಹಸಿ ಹಣ್ಣು ತಿಂದರೂ ಬಾಯಿ ತುರಿಸುತ್ತದೆಂದು ಬರೆದರು. ಯಾಕೆ ಎಂಬುದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು 1991ರಲ್ಲಿ. ವಿಯೆನ್ನಾದ ರುಡಾಲ್ಫ್ ವಾಲೆಂಟಾ ತಂಡ ಬರ್ಚ್ ಮರದ ಪರಾಗದಲ್ಲಿ ಪ್ರೊಫಿಲಿನ್ ಎಂಬ ಪ್ರೋಟೀನನ್ನು ಅಲರ್ಜಿಕಾರಕವೆಂದು ಗುರುತಿಸಿತು. ಅದು ಬರ್ಚಿನ ಸ್ವಂತ ಸೊತ್ತಲ್ಲ. ಹುಲ್ಲಿನಲ್ಲೂ ಹಣ್ಣಿನಲ್ಲೂ ಸಾಸಿವೆ ಕಾಳಿನಲ್ಲೂ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ. ಪರಾಗದ ಮೇಲೆ ಮೈ ಸಜ್ಜುಮಾಡಿಕೊಂಡ ಪ್ರತಿಕಾಯ ಕಾಳಿನ ಪ್ರೊಫಿಲಿನ್ನಿಗೂ ಅಂಟುತ್ತದೆ. ವರದಿ ‘ಪಾಸಿಟಿವ್’, ಮಗುವೋ ಪುಳಿಯೋಗರೆ ತಿಂದು ಆಡಿಕೊಂಡಿರುತ್ತದೆ.

ಉಸಿರಿಗೆ ಸಂಚಕಾರ ತರುವ ಬೀಜದ ಅಲರ್ಜಿಯ ಜಾತಿ ಸಾಮಾನ್ಯವಾಗಿ ಬೇರೆ. ಮೊಳಕೆಗೆಂದು ಕಾಳು ಕೂಡಿಟ್ಟುಕೊಂಡ ಪ್ರೋಟೀನುಗಳು, ಅಂದರೆ ಸಾಸಿವೆಯ ‘ಸಿನ್ ಎ 1’, ಎಳ್ಳಿನ ‘ಸೆಸ್ ಐ 1’ ಥರದವು, ಬಲು ಗಟ್ಟಿ. ಪ್ರೊಫಿಲಿನ್ ಹೊಟ್ಟೆಯಲ್ಲಿ ಬೇಗ ಮುರಿದುಬೀಳುತ್ತದೆ. ಇವು ಬಿಸಿಗೂ ಜಠರರಸಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಎಳ್ಳು ರುಬ್ಬಿದ ತಹಿನಿ ದಿನನಿತ್ಯದ ಊಟವಾಗಿರುವ ಇಸ್ರೇಲಿನಲ್ಲಿ ಹಸುಗೂಸುಗಳಲ್ಲೇ ಎಳ್ಳಿನ ಅಲರ್ಜಿ ಕಾಣಿಸುತ್ತದೆ, ಪರಾಗದ ಸೀನು ಶುರುವಾಗುವ ವಯಸ್ಸಿಗೂ ಮೊದಲೇ. ಇನ್ನೊಂದು ತೊಡಕಿದೆ. ಎಳ್ಳಿನ ಒಲಿಯೋಸಿನ್ ಎಂಬ ಪ್ರೋಟೀನುಗಳು ಎಣ್ಣೆಯ ಹನಿಗೆ ಕಚ್ಚಿಕೊಂಡಿರುತ್ತವೆ. ನೀರಿನಲ್ಲಿ ತೆಗೆದ ಸಾರಕ್ಕೆ ಇಳಿಯುವುದೇ ಕಷ್ಟ. ಹಾಗಾಗಿ ‘ನೆಗೆಟಿವ್’ ಬಂದ ಮಗುವಿಗೂ ಎಳ್ಳುಂಡೆ ಆಗದಿರಬಹುದು.

ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯ ಇದ್ದವರು ಶೇ 26.5. ಅಲರ್ಜಿ ಇರಬಹುದೆನ್ನಿಸಿದವರು ಬರೀ ಶೇ 1.2. ದೊಡ್ಡವರ ಲೆಕ್ಕವೇ ಆದರೂ, ವರದಿಯೊಂದನ್ನೇ ನೋಡಿ ಮಗುವಿನ ತಟ್ಟೆಯಿಂದ ಎಳ್ಳು, ಸಾಸಿವೆ, ಶೇಂಗಾ ಎಲ್ಲವನ್ನೂ ಎತ್ತಿಡುವವರು ಇದನ್ನೊಮ್ಮೆ ನೋಡಬೇಕು. ಯಾವ ಪ್ರೋಟೀನಿಗೆ ಪ್ರತಿಕಾಯ ಎಂದು ಬಿಡಿಬಿಡಿಯಾಗಿ ಹೇಳುವ ರಕ್ತಪರೀಕ್ಷೆಗಳು ಈಗ ಬಂದಿವೆ. ಅವೂ ಅನುಮಾನ ಉಳಿಸಿದರೆ ಆಸ್ಪತ್ರೆಯಲ್ಲೇ, ಅಡ್ರಿನಲಿನ್ ಚುಚ್ಚುಮದ್ದು ಪಕ್ಕದಲ್ಲಿಟ್ಟುಕೊಂಡು, ವೈದ್ಯರು ಚೂರುಚೂರೇ ತಿನ್ನಿಸಿ ಕಾದು ನೋಡುತ್ತಾರೆ.