ಸಂಪರ್ಕದಿಂದ ಹಕ್ಕಿನೆಡೆಗೆ: ಜೇವರ್ಗಿಯ ಶಾಸಕ ಎನ್. ಧರ್ಮಸಿಂಗ್

ಕರ್ನಾಟಕದ ಶಾಸಕಾಂಗ ರಾಜಕಾರಣವನ್ನು ಕುರಿತ ಅಧ್ಯಯನಗಳಲ್ಲಿ ಜಾತಿಯ ಸಂಖ್ಯಾಬಲವನ್ನು ಚುನಾವಣಾ ಗೆಲುವಿನ ಮುಖ್ಯ ಆಧಾರವೆಂದು ಪರಿಗಣಿಸುವುದು ವಾಡಿಕೆ. ಈ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಮಾಡುವ ಮಹತ್ವದ ನಿದರ್ಶನ ಕಲಬುರಗಿ ಜಿಲ್ಲೆಯ ಜೇವರ್ಗಿ ಕ್ಷೇತ್ರದ ಎನ್. ಧರ್ಮಸಿಂಗ್ ಅವರದು. ಒಬ್ಬ ಶಾಸಕನ ಸಾಧನೆಯನ್ನು ಯಾವ ಮಾನದಂಡದಿಂದ ಅಳೆಯಬೇಕು ಎಂಬ ಪ್ರಶ್ನೆಯನ್ನು ಅವರ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಧರ್ಮಸಿಂಗ್ ಅವರು ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ 1936ರ ಡಿಸೆಂಬರ್ 25ರಂದು ಜನಿಸಿದರು. ಆಗ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಅದು ಭಾರತದಲ್ಲಿ ವಿಲೀನಗೊಂಡು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಅವರಿಗೆ ಕನ್ನಡದಷ್ಟೇ ಉರ್ದುವೂ ಆಪ್ತವಾಗಿತ್ತು. ಈ ದ್ವಿಭಾಷಿಕತೆ ಕೇವಲ ವೈಯಕ್ತಿಕ ಗುಣವಲ್ಲ. ಅದು ಈ ಭಾಗದ ಚರಿತ್ರೆಯ ಕೊಡುಗೆ.

ಅವರು ಹುಟ್ಟಿದ ರಜಪೂತ ಸಮುದಾಯಕ್ಕೆ ಕ್ಷೇತ್ರದಲ್ಲಿ ಗಣನೀಯ ಸಂಖ್ಯಾಬಲವಿರಲಿಲ್ಲ. ಆದರೂ 1978, 1983, 1985, 1989, 1994, 1999 ಮತ್ತು 2004ರ ಚುನಾವಣೆಗಳಲ್ಲಿ ಜೇವರ್ಗಿ ಅವರನ್ನು ಸತತವಾಗಿ ಏಳು ಬಾರಿ ಆರಿಸಿತು. 1994ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಕೇವಲ 34 ಸ್ಥಾನಗಳಿಗೆ ಕುಸಿದಾಗಲೂ ಅವರು ಗೆದ್ದರೆಂಬುದು ಗಮನಾರ್ಹ. ಇದನ್ನು ಪಕ್ಷದ ಅಲೆಯಿಂದ ಮಾತ್ರ ವಿವರಿಸಲಾಗದು. ನೆರೆಯ ಆಳಂದ ಇದಕ್ಕೆ ವ್ಯತಿರಿಕ್ತ ಉದಾಹರಣೆ: ಅಲ್ಲಿ 2008ರಿಂದ 2023ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಸುಭಾಷ್ ಗುತ್ತೇದಾರ್ ಹಾಗೂ ಬಿ.ಆರ್. ಪಾಟೀಲ ಸರದಿಯಂತೆ ಗೆದ್ದಿದ್ದಾರೆ.

ಜೇವರ್ಗಿಯ ಈ ಸ್ಥಿರತೆಗೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ದೇವರಾಜ ಅರಸು ಅವರ ಕಾಲದಲ್ಲಿ ರೂಪುಗೊಂಡ ಹಿಂದುಳಿದವರು, ದಲಿತರು ಮತ್ತು ಅಲ್ಪಸಂಖ್ಯಾತರ ರಾಜಕೀಯ ಒಗ್ಗೂಡುವಿಕೆ. ಗುರುಮಠಕಲ್ ಕ್ಷೇತ್ರದ ಮಲ್ಲಿಕಾರ್ಜುನ ಖರ್ಗೆ ಹಾಗೂ ಧರ್ಮಸಿಂಗ್ ಅವರನ್ನು ಜನ 'ಲವ–ಕುಶ' ಎಂದು ಕರೆಯುತ್ತಿದ್ದುದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬಹುದು. ಎರಡನೆಯದು, ವೈಯಕ್ತಿಕ ಸಂಪರ್ಕ. ರಾಜಧಾನಿಯಿಂದ ಸುಮಾರು 600 ಕಿ.ಮೀ. ದೂರದಲ್ಲಿರುವ ಜಿಲ್ಲೆಯ ರೈತನಿಗೆ ಸರ್ಕಾರವೆಂದರೆ ತನ್ನ ಶಾಸಕನೇ. ವರ್ಗಾವಣೆ, ಪಿಂಚಣಿ, ಆಸ್ಪತ್ರೆಯ ಶಿಫಾರಸು ಇವೆಲ್ಲಕ್ಕೂ ಆತನೇ ದಾರಿ. ಇಂಥ ವ್ಯವಸ್ಥೆಯಲ್ಲಿ ಕೈಗೆ ಸಿಗುವ ಶಾಸಕನಿಗೆ ಮತದಾರರ ನಿಷ್ಠೆ ದೊರೆಯುವುದು ಸಹಜ.

ಪಕ್ಷನಿಷ್ಠೆಯೂ ಅವರ ಬೆಳವಣಿಗೆಗೆ ನೆರವಾಯಿತು. 1980ರಲ್ಲಿ ಕಲಬುರಗಿ ಲೋಕಸಭಾ ಕ್ಷೇತ್ರದಿಂದ ಗೆದ್ದ ಅವರು, ದೆಹಲಿಯಲ್ಲಿ ಪರಾಭವಗೊಂಡಿದ್ದ ಸಿ.ಎಂ. ಸ್ಟೀಫನ್ ಅವರಿಗಾಗಿ ಆ ಸ್ಥಾನವನ್ನು ತೆರವು ಮಾಡಿದರು. ಮುಂದೆ ಹಲವು ಸಚಿವ ಸಂಪುಟಗಳಲ್ಲಿ ಕಾರ್ಯನಿರ್ವಹಿಸಿದರು. 2004ರ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾದಳಕ್ಕೆ 58 ಸ್ಥಾನಗಳು ಲಭಿಸಿದಾಗ, ಮೇ 28ರಂದು ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಯಾದರು. ವೀರೇಂದ್ರ ಪಾಟೀಲರ ತರುವಾಯ ಈ ಜಿಲ್ಲೆಗೆ ಆ ಪದವಿ ಮತ್ತೆ ದೊರೆಯಿತು. ಆದರೆ ದಳದ ಶಾಸಕರ ಒಂದು ಗುಂಪು ಬೆಂಬಲ ಹಿಂತೆಗೆದುಕೊಂಡಿತು; 2006ರ ಫೆಬ್ರವರಿ 3ರಂದು ಎಚ್.ಡಿ. ಕುಮಾರಸ್ವಾಮಿ ಅಧಿಕಾರ ವಹಿಸಿಕೊಂಡರು. ಮುಂದೆ 2008ರ ಲೋಕಾಯುಕ್ತ ವರದಿಯು ಅಕ್ರಮ ಗಣಿಗಾರಿಕೆಗೆ ಸಂಬಂಧಿಸಿದಂತೆ ಅವರ ಆಡಳಿತಾವಧಿಯ ತೀರ್ಮಾನವನ್ನು ಆಕ್ಷೇಪಿಸಿದ್ದನ್ನೂ ಇಲ್ಲಿ ದಾಖಲಿಸಬೇಕು.

ಈಗ ಮೂಲ ಪ್ರಶ್ನೆಗೆ ಮರಳಬಹುದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಆಗ ಧರ್ಮಸಿಂಗ್ ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಲೋಕೋಪಯೋಗಿ ಸಚಿವರು. ಜೇವರ್ಗಿಯ ಶಾಸಕರಾಗಿ ಅವರಿಗೆ ಎರಡು ದಶಕಗಳೇ ಸಂದಿದ್ದವು. ಈ ವೈರುಧ್ಯಕ್ಕೆ ಒಬ್ಬ ವ್ಯಕ್ತಿಯನ್ನೇ ಹೊಣೆಗಾರನನ್ನಾಗಿಸುವುದು ಸರಿಯಲ್ಲ. ಪ್ರತಿನಿಧಿಗಳು ಪದೇ ಪದೇ ಬದಲಾದ ತಾಲ್ಲೂಕುಗಳೂ ಅದೇ ಪಟ್ಟಿಯಲ್ಲಿದ್ದವು. ಶಾಸಕನ ಸಂಪರ್ಕದಿಂದ ವ್ಯಕ್ತಿಯ ಸಂಕಟ ಪರಿಹಾರವಾಗಬಹುದು. ಪ್ರದೇಶದ ಹಿಂದುಳಿದಿರುವಿಕೆ ನೀಗದು ಎಂಬುದು ಇದರಿಂದ ವಿದಿತವಾಗುತ್ತದೆ.

ಇದಕ್ಕೆ ಸಾಂಸ್ಥಿಕ ಉತ್ತರ ದೊರೆತದ್ದು ಸಂವಿಧಾನದ 98ನೆಯ ತಿದ್ದುಪಡಿಯಿಂದ. ವೈಜನಾಥ ಪಾಟೀಲ ಮೊದಲಾದವರ ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಅಂಗೀಕರಿಸಿದ 371(ಜೆ) ವಿಧಿಯು ಪ್ರತ್ಯೇಕ ಅಭಿವೃದ್ಧಿ ಮಂಡಳಿಗೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರ ಮೀಸಲಾತಿಗೆ ಅವಕಾಶ ಕಲ್ಪಿಸಿತು. 2008ರಲ್ಲಿ ಜೇವರ್ಗಿಯಲ್ಲಿ ಸೋತು, 2009ರಲ್ಲಿ ಬೀದರಿನಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಧರ್ಮಸಿಂಗ್ ಆ ಸಂಸತ್ತಿನ ಸದಸ್ಯರಾಗಿದ್ದರು. ಅವರು 2017ರ ಜುಲೈ 27ರಂದು ನಿಧನರಾದರು.

ಹಿಂದೆ ಶಾಸಕನ ಶಿಫಾರಸಿನಿಂದ ಪಡೆಯಬೇಕಾಗಿದ್ದ ಅವಕಾಶದ ಒಂದು ಪಾಲಾದರೂ ಇಂದು ನೆಲೋಗಿಯ ವಿದ್ಯಾರ್ಥಿಗೆ ಹಕ್ಕಾಗಿ ಲಭ್ಯವಿದೆ. ಶಾಸಕನ ಸಾಧನೆಯನ್ನು ಗೆದ್ದ ಚುನಾವಣೆಗಳ ಸಂಖ್ಯೆಗಿಂತ, ತನ್ನ ಮಧ್ಯಸ್ಥಿಕೆಯಿಲ್ಲದೆಯೂ ಜನರಿಗೆ ದಕ್ಕುವಂತೆ ಆತ ಉಳಿಸಿಹೋದ ಹಕ್ಕುಗಳಿಂದ ಅಳೆಯುವುದು ಹೆಚ್ಚು ಸಮಂಜಸ. ಕಲ್ಯಾಣ ಕರ್ನಾಟಕದ ಇತರ ಜನಪ್ರತಿನಿಧಿಗಳ ಅಧ್ಯಯನಕ್ಕೂ ಈ ಮಾನದಂಡವನ್ನು ಅನ್ವಯಿಸಬಹುದಾಗಿದೆ.