ಆನೆಗೊಂದಿಯ ಹುಚ್ಚಪ್ಪಯ್ಯನ ಮಠ

ಪಾಂಡೇಸರಾದ ಬಣ್ಣದ ಗಿರಣಿಗಳಲ್ಲಿ ದುಡಿಯುವ ನಮ್ಮವರಿಗೆ ಬಣ್ಣದ ಗುಣವನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಯಾವುದು ಒಗೆತಕ್ಕೆ ನಿಲ್ಲುವುದು, ಯಾವುದು ಬಿಸಿಲಿಗೆ ಮಾಸುವುದು ಎಂಬುದನ್ನು ಅವರು ಕೈಯಿಂದಲೇ ಬಲ್ಲರು. ಅಂಥವರು ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಆನೆಗೊಂದಿಯ ಹುಚ್ಚಪ್ಪಯ್ಯನ ಮಠವನ್ನು ಹೊಕ್ಕು, ತಲೆಯೆತ್ತಿ ಅದರ ಛಾವಣಿಯನ್ನು ನೋಡಬೇಕೆಂದು ನಮ್ಮ ಬಿನ್ನಹ.

ಆನೆಗೊಂದಿಯು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದುದು. ತುಂಗಭದ್ರೆಯ ಈ ದಡದಲ್ಲಿ ಇದು, ಆ ದಡದಲ್ಲಿ ಹಂಪೆ. ವಿಜಯನಗರವು ತಲೆಯೆತ್ತುವ ಮೊದಲೇ ಇದು ಕೋಟೆಯೂರಾಗಿತ್ತು; 1565ರ ಯುದ್ಧದ ಬಳಿಕ ರಾಜಧಾನಿ ಹಾಳಾದರೂ ಊರು ಉಳಿಯಿತು. ಆದರೆ ಯಾತ್ರಿಕರು ಬಹುಮಟ್ಟಿಗೆ ಹಂಪೆಯನ್ನೇ ನೋಡಿ ಹಿಂದಿರುಗುವರು. ಹೊಳೆ ದಾಟಿದವರೂ ನವಬೃಂದಾವನಕ್ಕೆ ಕೈಮುಗಿದು, ಅಂಜನಾದ್ರಿಯ ಮೆಟ್ಟಿಲು ಹತ್ತಿ ಹೊರಟುಬಿಡುವರು.

ಹೊಳೆಯ ಸಮೀಪದಲ್ಲಿರುವ ಈ ಮಠದಲ್ಲಿ ಈಗ ಗುರುಪೀಠದ ವೈಭವವಿಲ್ಲ, ದಾಸೋಹದ ಗದ್ದಲವಿಲ್ಲ. ಹೊರಗಿನಿಂದ ನೋಡಿದರೆ ಹಳೆಯ ಕಟ್ಟಡವೆಂದಷ್ಟೇ ತೋರುವುದು. ಒಳಗಿನ ಕಪ್ಪುಕಲ್ಲಿನ ಕಂಬಗಳು ಮಾತ್ರ ಚಾಲುಕ್ಯರ ಕಾಲದ ಮಾದರಿಯವು. ತಿಗರಿಯ ಮೇಲಿಟ್ಟು ಕಡೆದಂತೆ ನುಣುಪಾಗಿವೆ. ಛಾವಣಿಯಲ್ಲಿ ಗಾರೆಯ ಮೇಲೆ ಬರೆದ ವಿಜಯನಗರ ಶೈಲಿಯ ಚಿತ್ರಗಳು ಚೂರುಚೂರಾಗಿ ಉಳಿದಿವೆ. ಹೆಂಗಳೆಯರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯಾಗಿ, ಪಲ್ಲಕ್ಕಿಯಾಗಿ ನಿಂತಿರುವ ಚಮತ್ಕಾರ ಅಲ್ಲಿದೆ. ನೋಡುವವನ ಕಣ್ಣು ಮೊದಲು ಆನೆಯನ್ನು ಕಾಣುವುದು. ಆಮೇಲೆ ಸೊಂಡಿಲು ಒಂದು ತೋಳಾಗುವುದು, ಕಾಲು ಒಬ್ಬಳ ಸೀರೆಯ ನೆರಿಗೆಯಾಗುವುದು. ವಿರಕ್ತರ ಮಠದಲ್ಲಿ ಇಂಥ ಶೃಂಗಾರವೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಹಿರಿಯರು ಈ ವಿಷಯದಲ್ಲಿ ನಮ್ಮಷ್ಟು ಅಂಜುಬುರುಕರಾಗಿರಲಿಲ್ಲವೆಂದು ತೋರುತ್ತದೆ.

ಆಚೆ ದಡದ ವಿರೂಪಾಕ್ಷ ದೇವಾಲಯದಲ್ಲಿಯೂ ಛಾವಣಿಯ ಚಿತ್ರಗಳುಂಟು. ಅಲ್ಲಿನ ರಂಗಮಂಟಪವನ್ನು ಕೃಷ್ಣದೇವರಾಯನು ಕಟ್ಟಿಸಿದನೆಂದು 1510ರ ಶಾಸನ ಸಾರುತ್ತದೆ. ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರು, ಗಿರಿಜಾಕಲ್ಯಾಣ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನ, ಎಲ್ಲವೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಈಗ ಕಾಣುವುದು ಬಹಳ ಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಕೈಕೆಲಸವೆಂದು ವಾದಿಸುವ ವಿದ್ವಾಂಸರಿದ್ದಾರೆ. ಅದೇನೇ ಇರಲಿ, ಜನರು ಬರುವ ದೇವಾಲಯಕ್ಕೆ ಕಾಯುವವರುಂಟು. ಜನರು ಬಿಟ್ಟುಹೋದ ಮಠದ ಗಾರೆ ಉದುರಿದರೆ ಕೇಳುವವರು ವಿರಳ.

ಇಂಥ ಚಿತ್ರಗಳಿಗೆ ಶತ್ರುಗಳು ಹಲವು: ಸೋರುವ ಛಾವಣಿ, ಬಾವಲಿ, ಒಲೆಯ ಹೊಗೆ. ಹೋಟೆಲು ನಡೆಸಿದ ನಮಗೆ ಹೊಗೆಯ ಪ್ರತಾಪ ಚೆನ್ನಾಗಿ ಗೊತ್ತು. ಒಂದೇ ವರ್ಷದಲ್ಲಿ ಬಿಳಿಗೋಡೆಯನ್ನು ಅದು ಕಾಡಿಗೆಯಾಗಿಸಬಲ್ಲದು. ಆದರೆ ಎಲ್ಲಕ್ಕಿಂತ ದೊಡ್ಡ ಶತ್ರು ಜೀರ್ಣೋದ್ಧಾರವೆಂಬ ಸತ್ಕಾರ್ಯ. ಮಳೆಯು ಮೂಲೆಯೊಂದನ್ನು ಕೆಡಿಸಿದರೆ, ಸುಣ್ಣದ ಕುಂಚವು ಒಂದು ಮಧ್ಯಾಹ್ನದಲ್ಲಿ ಇಡೀ ಗೋಡೆಯನ್ನು ನುಂಗುವುದು.

ಈ ಪಾಪದಲ್ಲಿ ನಮಗೂ ಪಾಲುಂಟು. ನಮ್ಮೂರಿನ ಹಳೆಯ ಮಠವೊಂದರಲ್ಲಿ ಕಾವಿಬಣ್ಣದಲ್ಲಿ ಬರೆದ ಒಂದು ಕುದುರೆ, ಮೇಲೊಬ್ಬ ಸವಾರ ಇದ್ದರು. ಬಾಲ್ಯದಲ್ಲಿ ಅದರ ಕೆಳಗೆ ಕುಳಿತು ಪ್ರಸಾದ ಉಂಡವರು ನಾವು. ಹೋಟೆಲು ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಊರಿನಿಂದ ಪಟ್ಟಿ ಬಂದಿತು. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟೆವು. ಮರುವರ್ಷ ಜಾತ್ರೆಗೆ ಹೋದಾಗ ಗೋಡೆಗೆ ಹೊಳೆಯುವ ಹಾಸುಬಿಲ್ಲೆ ಹಚ್ಚಿದ್ದರು, ದಾನಿಗಳ ಕಲ್ಲಿನಲ್ಲಿ ನಮ್ಮ ಹೆಸರು ಮೂರನೆಯದಾಗಿತ್ತು. ಕುದುರೆಯ ವಿಷಯ ಕೇಳಿದರೆ, ಯಾವ ಕುದುರೆ ಎಂದರು.

ಸೂರತ್ತಿನಿಂದ ಊರ ಮಠಗಳಿಗೂ ಗುಡಿಗಳಿಗೂ ಹಣ ಕಳುಹಿಸುವ ಬಂಧುಗಳು ಹಲವರಿದ್ದಾರೆ. ಪಟ್ಟಿಗೆ ಹೆಸರು ಬರೆಸುವ ಮುನ್ನ, ಗೋಡೆಯ ಮೇಲೆ ಏನಿದೆಯೆಂದು ಅವರು ಕೇಳಲಿ. ಒಂದು ಛಾಯಾಚಿತ್ರ ತರಿಸಿಕೊಳ್ಳಲಿ. ಮೊನ್ನೆ ಇನ್ನೊಂದು ಪಟ್ಟಿ ನಮ್ಮ ಕಛೇರಿಗೆ ಬಂದಿತ್ತು. ಛಾವಣಿಯ ಸೋರಿಕೆ ನಿಲ್ಲಿಸಲು ಕೊಡುವೆವು, ಗೋಡೆಗೆ ಬಣ್ಣ ಬಳಿಯಲು ಕೊಡೆವು ಎಂದು ಬರೆದೆವು. ಊರಿನವರಿಗೆ ಸ್ವಲ್ಪ ಬೇಸರವಾಗಿದೆಯೆಂದು ಕೇಳಿದ್ದೇವೆ.