ಪರ್ಸೋನಾ 3: ಯಾವುದನ್ನ ಆಡೋದು?

ಪರ್ಸೋನಾ 3 ಶುರು ಮಾಡ್ಬೇಕು ಅಂತಿದ್ದೀರಾ? ಯಾವುದು ಅಂತ ಮೊದಲು ತೀರ್ಮಾನಿಸಿ, ಯಾಕಂದ್ರೆ ಈ ಆಟ ನಾಲ್ಕು ರೂಪದಲ್ಲಿದೆ.

ಕಥೆಯ ಬೇರು ಒಂದೇ. ನಡುರಾತ್ರಿ ಕಳೆದ ಕೂಡಲೇ ಹೆಚ್ಚಿನವರ ಅರಿವಿಗೇ ಬಾರದ ಒಂದು ಗಂಟೆ ತೆರೆಯುತ್ತೆ. ಆಗ ಶಾಲೆ ಇದ್ದ ಜಾಗದಲ್ಲಿ ಟಾರ್ಟರಸ್ ಅನ್ನೋ ಗೋಪುರ ಎದ್ದು ನಿಲ್ಲುತ್ತೆ.

ಅಟ್ಲಸ್ ಕಂಪನಿ ಇದನ್ನ 2006ರಲ್ಲಿ ಪ್ಲೇಸ್ಟೇಷನ್ 2ಗೆ ತಂದಿತು. ಮರುವರ್ಷದ 'ಫೆಸ್' ಅನ್ನೋ ರೂಪದಲ್ಲಿ, ಕಥೆ ಮುಗಿದ ಮೇಲಿನ 'ದಿ ಆನ್ಸರ್' ಭಾಗ ಸೇರಿತು. ಆದರೆ ಇವೆರಡರಲ್ಲೂ ಜೊತೆಗಾರರು ತಾವಾಗಿಯೇ ಕಾದಾಡ್ತಾರೆ. ತಂತ್ರ ಸೂಚಿಸಬಹುದು, ಯಾವ ಏಟು ಅನ್ನೋದು ಅವರ ಆಯ್ಕೆ.

2009ರ ಪೋರ್ಟಬಲ್ ನನಗೆ ತುಂಬಾ ಇಷ್ಟ. ಪಿಎಸ್‌ಪಿಗಾಗಿ ಮಾಡಿದ್ದರಿಂದ ಊರಲ್ಲಿ ಅಡ್ಡಾಡೋ ಹಾಗಿಲ್ಲ, ಸ್ಥಿರ ಚಿತ್ರದ ಮೇಲೆ ಕರ್ಸರ್ ಓಡಿಸಬೇಕು. ಅನಿಮೆ ದೃಶ್ಯಗಳೂ ಇಲ್ಲ. ಆದ್ರೆ ಇಲ್ಲಿ ಹುಡುಗಿಯಾಗಿ ಆಡಬಹುದು! ಅವಳ ಮಾತಿನ ಧಾಟಿ ಬೇರೆ, ಸಂಗೀತ ಬೇರೆ, ಗೆಳೆತನಗಳೂ ಬೇರೆ. ತಂಡದ ಹುಡುಗರ ಮನಸ್ಸು ಇಷ್ಟು ಹತ್ತಿರದಿಂದ ಕಾಣೋದು ಅವಳ ದಾರಿಯಲ್ಲೇ. ಜೊತೆಗಾರರಿಗೆ ನೇರ ಆದೇಶವನ್ನೂ ಕೊಡಬಹುದು.

2024ರ ರೀಲೋಡ್ ಎಲ್ಲವನ್ನೂ ಹೊಸದಾಗಿ ಕಟ್ಟಿದೆ. ನೋಡೋಕೆ ಚೆಂದ, ಕಾದಾಟ ಚುರುಕು. ನಾಯಕಿಯನ್ನ ಮಾತ್ರ ಬಿಟ್ಟಿದ್ದಾರೆ, ಅದು ನಿಜವಾದ ನಷ್ಟ. 'ದಿ ಆನ್ಸರ್' ಇಲ್ಲಿ 'ಎಪಿಸೋಡ್ ಐಗಿಸ್' ಅನ್ನೋ ಪ್ರತ್ಯೇಕ ಡಿಎಲ್‌ಸಿ.

ಮೊದಲ ಸಲ ಆಡೋರು ರೀಲೋಡ್ ತಗೊಳ್ಳಿ. ಮನಸ್ಸಿಗೆ ಹಿಡಿಸಿದ್ರೆ ಆಮೇಲೆ ಪೋರ್ಟಬಲ್‌ನಲ್ಲಿ ನಾಯಕಿಯ ದಾರಿ ಹಿಡೀರಿ. 2023ರಿಂದ ಅದು ಪಿಸಿ, ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್‌ನಲ್ಲೂ ಇದೆ, ಹಳೇ ಪಿಎಸ್‌ಪಿ ಹುಡುಕಬೇಕಿಲ್ಲ.